ಹೆಸರು ಹೇಳಬಾರದ ಒಂಬತ್ತನೇ ನಂಬರು

ನಮ್ಮ ಭಾವನ ಹೆಸರು ನಾಸರೇನೊ ಗಾರಿಬೊತ್ತೊ. ನೋಡಿ, ಬರೆದೇಬಿಟ್ಟೆ. ಕೈ ಸೇದಿಹೋಗಲಿಲ್ಲ, ಮನೆಗೆ ಸಿಡಿಲು ಹೊಡೆಯಲಿಲ್ಲ, ಒಲೆ ಮೇಲಿನ ಹಾಲೂ ಉಕ್ಕಲಿಲ್ಲ. ಆದರೆ ಇದೇ ಹೆಸರನ್ನು ನಮ್ಮೂರು ಕೊಲೋನಿಯಾ ಅಂಪಾರೊದ ಬಾರಿನಲ್ಲಿ ಜೋರಾಗಿ ಹೇಳಿ ನೋಡಿ. ಇಸ್ಪೀಟು ಆಡುತ್ತಿರುವ ಗಂಡಸರ ಎಡಗೈಗಳೆಲ್ಲ ಒಟ್ಟಿಗೆ ಮೇಜಿನ ಕೆಳಗೆ ಹೋಗುತ್ತವೆ. ಅಪಶಕುನ ತಟ್ಟದಿರಲೆಂದು ಎಲ್ಲಿ ಮುಟ್ಟಿಕೊಳ್ಳುತ್ತಾರೆ ಎಂದು ನಾನು ಬರೆಯುವುದಿಲ್ಲ, ನಾನು ಮರ್ಯಾದಸ್ಥೆ. ನಮ್ಮ ಪಾದ್ರಿಗಳೂ ಮುಟ್ಟಿಕೊಳ್ಳುತ್ತಾರೆ, ನಿಲುವಂಗಿಯ ಮೇಲಿಂದಲೇ. ಹೆಂಗಸರು ಎದೆಯ ಎಡಭಾಗಕ್ಕೆ ಕೈ ಒತ್ತಿ ಮುಖ ತಿರುಗಿಸುತ್ತಾರೆ. ಆ ಹೆಸರಿನ ಬದಲು ಎಲ್ಲರೂ ಹೇಳುವುದು ಒಂದೇ ಮಾತು, ಅವರು ಆಡುವಾಗ ತೊಡುತ್ತಿದ್ದ ಅಂಗಿಯ ಅಂಕಿ: ಒಂಬತ್ತನೇ ನಂಬರು.

ಭಾವ ಎಂದರೆ ನನ್ನ ಅಕ್ಕ ಒಲಿಂಡಾಳ ಗಂಡ. ಹುಡುಗನಾಗಿದ್ದಾಗ ಗೋಧಿ ಗೋದಾಮಿನ ತಗಡಿನ ಬಾಗಿಲಿಗೆ ಚೆಂಡು ಒದ್ದು ಒದ್ದು ಇಡೀ ಬೀದಿಯ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿದ್ದರು. ಕಾವಲುಗಾರ ಬೈಯುತ್ತಾ ಅಟ್ಟಿಸಿಕೊಂಡು ಬರುತ್ತಿದ್ದ, ಇವರು ಚೆಂಡು ಬಿಡದೆ ಓಡುತ್ತಿದ್ದರು. ಆ ಓಟವೇ ಅವರನ್ನು ನಮ್ಮ ಸ್ಪೋರ್ತಿವೊ ಕ್ಲಬ್ಬಿಗೆ, ಅಲ್ಲಿಂದ ರೊಸಾರಿಯೊ ನಗರದ ದೊಡ್ಡ ತಂಡಕ್ಕೆ ಕರೆದುಕೊಂಡು ಹೋಯಿತು. ಮೀಸೆ ಸರಿಯಾಗಿ ಮೂಡುವ ಮೊದಲೇ ಅವರ ಹೆಸರನ್ನು ತುಂಬಿದ ಸ್ಟೇಡಿಯಂ ಕೂಗುತ್ತಿತ್ತು. ಗಾ-ರಿ-ಬೊತ್ತೊ, ಗಾ-ರಿ-ಬೊತ್ತೊ. ರೇಡಿಯೋದಲ್ಲಿ ಅದನ್ನು ಕೇಳಿದಾಗ ನನ್ನ ಅಕ್ಕ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಅಂಗಳದಲ್ಲಿ ಕುಣಿದದ್ದು ನನಗೆ ಚೆನ್ನಾಗಿ ನೆನಪಿದೆ. ದೇಶದ ತಂಡದ ಶಿಬಿರಕ್ಕೂ ಒಮ್ಮೆ ಕರೆ ಬಂದಿತ್ತು. ಹೋದವರು ಹೊಟ್ಟೆ ಕೆಟ್ಟು ವಾಪಸ್ಸಾದರು. ಆಗ ಎಲ್ಲರೂ ನಕ್ಕರು. ಅದರಲ್ಲಿ ಯಾರಿಗೂ ಶಕುನ ಕಾಣಲಿಲ್ಲ.

ಶಕುನ ಕಂಡದ್ದು ಅವರಿದ್ದ ತಂಡ ಕೆಳಗಿನ ದರ್ಜೆಗೆ ಇಳಿದ ಮೇಲೆ. ಆ ವರ್ಷ ತಂಡದ ಅರ್ಧಕ್ಕಿಂತ ಹೆಚ್ಚು ಗೋಲು ಭಾವನದೇ. ಹಿಂದೆ ಕಾಯುವವರು ಸಾಲುಸಾಲಾಗಿ ಗೋಲು ಹೊಡೆಸಿಕೊಂಡರೆ ಮುಂದೆ ನಿಂತವರು ಏನು ಮಾಡಿಯಾರು? ಬೇರೆ ತಂಡ ಸೇರಿದರು, ಅದೂ ಇಳಿಯಿತು. ಮೂರನೆಯದಕ್ಕೆ ಹೋದರು. ಅವರು ಸೇರಿದ ವಾರವೇ ತಂಡದ ಬಸ್ಸು ಚರಂಡಿಗೆ ಬಿತ್ತು, ಗೋಲ್‌ಕೀಪರಿಗೆ ಗಂಟಲುಬಾವು ಬಂತು, ವರ್ಷದ ಕೊನೆಗೆ ಆ ತಂಡವೂ ಇಳಿಯಿತು. ಆಗ ರೇಡಿಯೋದ ಒಬ್ಬ ಮಹಾಶಯ ಪಂದ್ಯದ ನಡುವೆಯೇ ಹೇಳಿದ: "ಕೇಳುಗರೇ, ಈ ಮನುಷ್ಯನ ಹೆಸರು ಇನ್ನು ನನ್ನ ಬಾಯಲ್ಲಿ ಬರಲ್ಲ. ನಂಗೂ ಹೆಂಡ್ತಿ ಮಕ್ಳು ಇದಾರೆ."

ಅಷ್ಟೇ. ಅಷ್ಟು ಸಾಕಾಯಿತು. ನಮ್ಮಲ್ಲಿ ಒಬ್ಬನಿಗೆ ಮೂಫಾ ಎಂಬ ಹಣೆಪಟ್ಟಿ ಅಂಟಿದರೆ, ಅವನ ಕಾಲ್ಗುಣ ಕೆಟ್ಟದ್ದೆಂದು ಊರು ತೀರ್ಮಾನಿಸಿದರೆ, ಅದನ್ನು ಕೀಳುವ ವೈದ್ಯ ಇನ್ನೂ ಹುಟ್ಟಿಲ್ಲ. ಗೋಲು ಹೊಡೆಯುವ ಕಾಲು ಇನ್ನೂ ಗಟ್ಟಿಯಾಗಿರುವಾಗಲೇ ಯಾವ ತಂಡವೂ ಅವರನ್ನು ಕರೆಯಲಿಲ್ಲ. ಭಾವ ಊರಿಗೆ ಬಂದು ಸೈಕಲ್ ರಿಪೇರಿ ಅಂಗಡಿ ಹಾಕಿದರು.

ಊರಿನವರು ಕೆಟ್ಟವರಲ್ಲ, ಅದೇ ನನಗೆ ತಡೆಯಲಾಗದ್ದು. ವಾರದ ದಿನಗಳಲ್ಲಿ ಅವರ ಅಂಗಡಿ ಮುಂದೆ ಕೂತು ಒಂದೇ ಸೋರೆಬುರುಡೆಯಿಂದ ಮಾತೆ ಎಂಬ ಎಲೆಯ ಕಷಾಯ ಹೀರುತ್ತಾರೆ. ಭಾನುವಾರ ಮಾಂಸ ಸುಟ್ಟರೆ ಒಳ್ಳೆ ತುಂಡು ಎತ್ತಿಟ್ಟು ಕಳಿಸುತ್ತಾರೆ. ಆದರೆ ಸ್ಪೋರ್ತಿವೊ ಪಂದ್ಯವಿದ್ದ ದಿನ ಭಾವ ಊರಲ್ಲಿ ಇರಕೂಡದು. ಊರಾಚೆಯ ಕೆರೆಗೆ ಹೋಗಿ ಗಾಳ ಹಾಕಿ ಕೂರಬೇಕು. ರೇಡಿಯೋ ಕೂಡ ಒಯ್ಯುವಂತಿಲ್ಲ, ಕೇಳಿದರೂ ನೋಡಿದ ಹಾಗೇ ಅಂತೆ! ಒಬ್ಬ ಮನುಷ್ಯನಿಗೆ ಹೀಗೆ ಹೇಳಬಹುದು ಎನ್ನುವುದೇ ನನಗೆ ಮೊದಲ ಆಘಾತ. ಅವರು ಎದುರು ಮಾತಾಡದೆ ಹೋದದ್ದು ಎರಡನೆಯದು.

ಮೂರನೆಯದನ್ನೂ ಬರೆದುಬಿಡುತ್ತೇನೆ. ಅಕ್ಕನಿಗೆ ಆಪರೇಷನ್ ಆದ ದಿನ ನಾನು ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದೆ. "ನಾಸರೇನೊ ಎಲ್ಲಿ?" ಎಂದು ಕೇಳುತ್ತಲೇ ಇದ್ದಳು. ಹುಡುಕಿಕೊಂಡು ಹೊರಗೆ ಬಂದರೆ ಭಾವ ಗೇಟಿನಾಚೆ ಮರದ ಕೆಳಗೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ಒಳಗ್ ಬನ್ನಿ ಭಾವ, ಅಕ್ಕ ಕರೀತಿದಾಳೆ."

"ಬೇಡ ಮಿಂದಾ. ನಾನು ಒಳಗ್ ಬಂದ್ರೆ ಅವಳಿಗೆ ಏನಾದ್ರೂ ಆಗ್ಬಿಟ್ರೆ? ಇಲ್ಲೇ ಇರ್ತೀನಿ."

ನನಗೆ ಗರ ಬಡಿದಂತಾಯಿತು. ಊರು ಆಡಿದ್ದನ್ನು ಈ ಮನುಷ್ಯ ತಾನೂ ನಂಬಿಬಿಟ್ಟಿದ್ದರು. ಅಕ್ಕ ಮರುದಿನ ಹೋದಳು. ಭಾವ ಅವಳ ಕೈ ಹಿಡಿದದ್ದು ಅದು ತಣ್ಣಗಾದ ಮೇಲೆ.

ಅವರಿಗೆ ಉಳಿದದ್ದು ಮಗಳು ರೊಮಿನಾ. ಅಪ್ಪನ ಕಾಲೇ ಅವಳಿಗೆ ಬಂದಿದೆ, ಬಲಗಾಲಿನಿಂದ ಹೊಡೆಯುವ ಹಾಗೆ ಆಡಿ ಎಡಗಾಲಿನಿಂದ ಹೊಡೆಯುವ ಮೋಸ ಕೂಡ. ಸ್ಪೋರ್ತಿವೊದ ಹೆಣ್ಣುಮಕ್ಕಳ ತಂಡದಲ್ಲಿ ಅವಳದೂ ಒಂಬತ್ತನೇ ನಂಬರು. ಆದರೆ ಅಂಗಿಯ ಬೆನ್ನ ಮೇಲೆ ಗಾರಿಬೊತ್ತೊ ಎಂದು ಬರೆಸಲು ಕ್ಲಬ್ಬಿನವರು ಒಪ್ಪಲಿಲ್ಲ. ನಮ್ಮ ತವರಿನ ಹೆಸರು ಜಾನುತ್ತಿ ಎಂದು ಬರೆಸಿದರು. ಅಪ್ಪ ಬದುಕಿದ್ದೂ ಇಲ್ಲದ ಮಗಳಂತೆ ಆಡುತ್ತಿದ್ದಳು ಹುಡುಗಿ.

ಅವಳ ಒಂದೇ ಒಂದು ಪಂದ್ಯವನ್ನೂ ಭಾವ ನೋಡಿರಲಿಲ್ಲ. ಪಂದ್ಯ ಮುಗಿದ ಮೇಲೆ ಅವಳು ಅಂಗಳಕ್ಕೆ ಬಂದು ಎರಡು ಕುರ್ಚಿ ಇಟ್ಟು, ಕೋಳಿಗಳನ್ನು ಓಡಿಸಿ, ತನ್ನ ಗೋಲನ್ನೆಲ್ಲ ಅಪ್ಪನಿಗೆ ಮತ್ತೆ ಹೊಡೆದು ತೋರಿಸುತ್ತಿದ್ದಳು. ಅದನ್ನು ನೋಡಿ ಅವರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಬೇಲಿಯಾಚೆ ನಿಂತು ಅಳುತ್ತಿದ್ದೆ, ಯಾರಾದರೂ ನೋಡಿದರೆ ಈರುಳ್ಳಿ ಹೆಚ್ಚುತ್ತಿದ್ದೆ ಎನ್ನುತ್ತಿದ್ದೆ.

ಕಳೆದ ವಸಂತದಲ್ಲಿ ನಮ್ಮ ಹುಡುಗಿಯರು ಲೀಗಿನ ಫೈನಲ್ ತಲುಪಿದರು. ಎದುರಾಳಿ ಪಕ್ಕದ ವೀಯಾ ಮೆರ್ಲಿನಿ, ಪಂದ್ಯ ನಮ್ಮದೇ ಮೈದಾನದಲ್ಲಿ. ಆ ವಾರ ಕ್ಲಬ್ಬಿನ ಅಧ್ಯಕ್ಷ ಎಲ್ಬಿಯೊ ಇಬ್ಬರನ್ನು ಕಟ್ಟಿಕೊಂಡು, ಸಿಹಿ ಬನ್ನುಗಳ ಪೊಟ್ಟಣ ಹಿಡಿದು ಭಾವನ ಮನೆಗೆ ಬಂದ. ದನದ ಮೇವಿನ ಅಂಗಡಿಯ ಈ ಎಲ್ಬಿಯೊ ಚಿಕ್ಕಂದಿನಲ್ಲಿ ಭಾವನ ಜೊತೆ ಆಡಿದವನು. ಭಾವ ಹೊಡೆದ ಮೊದಲ ಗೋಲಿಗೆ ಚೆಂಡು ಕೊಟ್ಟದ್ದು ತಾನೇ ಎಂದು ಕುಡಿದಾಗಲೆಲ್ಲ ಹೇಳುತ್ತಾನೆ. ಆದರೆ ಕೊಟ್ಟದ್ದು ಯಾರಿಗೆ ಎಂದು ಹೆಸರು ಮಾತ್ರ ಹೇಳುವುದಿಲ್ಲ.

ಮಂಡಿ ನೋವು ಹೇಗಿದೆ ಎಂದು ಕೇಳಿದರು. ಕೋಳಿಗಳ ಬಗ್ಗೆ ಕೇಳಿದರು. ಕಷಾಯದ ಬುರುಡೆ ಎರಡು ಸುತ್ತು ಬಂತು. ನಾನು ಬಿಸಿನೀರು ಹಿಡಿದು ಬಾಗಿಲಲ್ಲೇ ನಿಂತಿದ್ದೆ, ಬಂದ ಕಾರಣ ಗೊತ್ತಿತ್ತು.

"ನೋಡು ಮಾರಾಯ, ನಿನ್ನ ಮೇಲೆ ನಮಗೇನೂ ಇಲ್ಲ," ಎಂದ ಎಲ್ಬಿಯೊ. "ನೀನು ನನ್ನ ಒಡಹುಟ್ಟಿದೋನ ಹಾಗೆ. ಆದ್ರೆ ಭಾನುವಾರ..."

"ಬೆಳಿಗ್ಗೇನೇ ಹೋಗ್ಬಿಡ್ತೀನಿ ಎಲ್ಬಿಯೊ," ಎಂದರು ಭಾವ.

"ಕೆರೆಯ ಆಚೆ ದಂಡೆಗೆ ಹೋಗ್ತೀಯಾ? ಈಚೆ ದಂಡೆಗೆ ಗಾಳಿ ಬೀಸಿದ್ರೆ ಮೈದಾನದ ಕೂಗು ಕೇಳಿಸುತ್ತೆ ಅಂತಾರೆ."

"ಆಚೆ ದಂಡೆಗೇ ಹೋಗ್ತೀನಿ."

ನನ್ನ ಮೈಯೆಲ್ಲ ಉರಿಯಿತು. "ಆಡೋದು ಅವರ ಮಗಳು ಕಣೋ ಎಲ್ಬಿಯೊ! ನಿನ್ನ ಮಗಳ ಮದುವೆಗೆ ನಿನ್ನನ್ನೇ ಬರ್ಬೇಡ ಅಂದ್ರೆ ಹೆಂಗಿರುತ್ತೆ?"

"ಮದುವೇಲಿ ಸೋಲೋದು ಗೆಲ್ಲೋದು ಇಲ್ವಲ್ಲ ಮಿಂದಕ್ಕ," ಎಂದ ಆ ಮಹಾನುಭಾವ, ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡು. ಆಮೇಲೆ ಭಾವನನ್ನು ತಬ್ಬಿಕೊಂಡ. "ಗೆದ್ರೆ ನಾವೇ ಲಾರಿ ತಗೊಂಡ್ ಬಂದು ನಿನ್ನ ಕರ್ಕೊಂಡ್ ಹೋಗ್ತೀವಿ. ಹೆಗಲ ಮೇಲೆ ಹೊತ್ಕೊಂಡು ಹೋಗ್ತೀವಿ. ನನ್ನಾಣೆ."

ಅವರು ಹೋದ ಮೇಲೆ ಒಳಕೋಣೆಯಿಂದ ರೊಮಿನಾ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪ ನೋಡದಿದ್ರೆ ನಾನು ಆಡಲ್ಲ."

"ಹುಚ್ಚು ಹುಚ್ಚಾಗಿ ಮಾತಾಡ್ಬೇಡ ಮಗಳೇ. ನಾನು ಬಂದು ನಿನ್ನ ಕಾಲು ಮುರಿದ್ರೆ?"

"ಮುರೀಲಿ. ನೀವು ನೋಡ್ತಾ ಇರೋವಾಗ್ಲೇ ಮುರೀಲಿ."

ಭಾವ ತಲೆ ಅಲ್ಲಾಡಿಸುತ್ತಲೇ ಇದ್ದರು. ಆಗ ನಾನು ಆಡಬಾರದ ಮಾತು ಆಡಿದೆ, ಆಡಿದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. "ಅಕ್ಕ ಸಾಯೋವಾಗ ನೀವು ಹೊರಗೇ ನಿಂತಿದ್ರಿ ಭಾವ. ಮಗಳು ಆಡೋವಾಗ್ಲೂ ಹೊರಗೇ ನಿಲ್ತೀರಾ? ನೀವು ಹೊರಗೆ ನಿಂತಿದ್ದಕ್ಕೆ ಅವಳೇನು ಉಳಿದ್ಲಾ?"

ಅವರ ಮುಖ ಬಿಳಿಚಿಕೊಂಡಿತು. ಟೋಪಿಯ ಅಂಚನ್ನು ಎರಡು ಸುತ್ತು ತಿರುಗಿಸಿದರು. ಕೊನೆಗೆ, "ಎಲ್ಲಿ ಬಚ್ಚಿಡ್ತೀಯಾ ನನ್ನ?" ಎಂದು ಕೇಳಿದರು.

ಕ್ಲಬ್ಬಿನ ಅಡುಗೆಮನೆ ನನ್ನದು. ಪಂದ್ಯದ ದಿನ ಸುಟ್ಟ ಸಾಸೇಜನ್ನು ಬ್ರೆಡ್ಡಿನೊಳಗಿಟ್ಟು ಮಾರುವುದು ನಾನೇ. ಅದರ ಹಲಗೆಯ ಕಿಂಡಿ ತೆರೆದರೆ ಇಡೀ ಮೈದಾನ ಕಾಣುತ್ತದೆ. ಆ ಭಾನುವಾರ ಬೆಳಿಗ್ಗೆ ನನ್ನ ಹಳೇ ಪಿಕಪ್ ಗಾಡಿಯಲ್ಲಿ ಬ್ರೆಡ್ಡಿನ ಮೂಟೆಗಳ ಕೆಳಗೆ ಭಾವನನ್ನು ಮಲಗಿಸಿ ಗೇಟು ದಾಟಿಸಿದೆ. ಕಾವಲಿಗೆ ನಿಂತವನು ಒಂದು ಬ್ರೆಡ್ಡು ಕೇಳಿದ. ಕೊಡಲು ಕೈ ಹಾಕಿದಾಗ ಭಾವನ ಮೂಗು ಸಿಕ್ಕಿತು. ತುಂಬಿದ ಸ್ಟೇಡಿಯಂಗಳು ಎದ್ದು ನಿಂತು ಕೂಗಿದ ಮನುಷ್ಯ ತನ್ನ ಊರಿನ ಮೈದಾನಕ್ಕೆ ಬಂದದ್ದು ಹೀಗೆ, ತಲೆಗೂದಲಲ್ಲೆಲ್ಲ ಬ್ರೆಡ್ಡಿನ ಪುಡಿ ತುಂಬಿಕೊಂಡು.

ಮಧ್ಯಾಹ್ನದ ಹೊತ್ತಿಗೆ ಜನ ಕಿಕ್ಕಿರಿದರು, ಡೋಲು ಶುರುವಾಯಿತು. ನಾನು ಮುಂದಿನ ಕಿಂಡಿಯಲ್ಲಿ ವ್ಯಾಪಾರ ಮಾಡಿದೆ. ಪಕ್ಕದ ಚಿಕ್ಕ ಕಿಂಡಿಯ ಹಲಗೆಯನ್ನು ನಾಲ್ಕು ಬೆರಳು ಸರಿಸಿ, ಪೆಟ್ಟಿಗೆಗಳ ಹಿಂದೆ ಭಾವನನ್ನು ಕೂರಿಸಿದ್ದೆ. ಹುಡುಗಿಯರು ಮೈದಾನಕ್ಕೆ ಇಳಿದಾಗ ಅವರ ಉಸಿರಾಟ ನನಗೆ ಕೇಳಿಸುತ್ತಿತ್ತು.

"ಎಷ್ಟು ಉದ್ದ ಆಗಿದಾಳಲ್ವಾ ಮಿಂದಾ," ಎಂದರು. ದಿನಾ ಒಂದೇ ಮೇಜಿನಲ್ಲಿ ಉಣ್ಣುವ ಮಗಳನ್ನು ಮೊದಲ ಸಲ ನೋಡಿದವರಂತೆ.

ಹದಿನೈದು ನಿಮಿಷವೂ ಆಗಿರಲಿಲ್ಲ, ವೀಯಾ ಮೆರ್ಲಿನಿಯವರು ಗೋಲು ಹೊಡೆದರು. ನಮ್ಮ ಗೋಲ್‌ಕೀಪರಿನ ಕೈಯಿಂದ ಚೆಂಡು ಸೋಪಿನ ಹಾಗೆ ಜಾರಿಹೋಯಿತು. ಹಿಂದಿನಿಂದ ಪೆಟ್ಟಿಗೆ ಬಿದ್ದ ಸದ್ದು ಕೇಳಿ ತಿರುಗಿದರೆ ಭಾವ ಎದ್ದು ಬಾಗಿಲ ಹತ್ತಿರ ಹೋಗಿದ್ದರು.

"ನೋಡಿದ್ಯಾ? ನೋಡಿದ್ಯಾ? ನಾನೇ ಕಾರಣ. ಬಿಡು, ಹೋಗ್ತೀನಿ, ಇನ್ನೂ ಟೈಮಿದೆ."

ನಾನು ಓಡಿಹೋಗಿ ಬೀಗ ಜಡಿದು ಕೀಲಿಯನ್ನು ರವಿಕೆಯೊಳಗೆ ತುರುಕಿಕೊಂಡೆ. "ಧೈರ್ಯ ಇದ್ರೆ ತಗೊಳ್ಳಿ. ಇಲ್ದಿದ್ರೆ ಬಾಯಿ ಮುಚ್ಕೊಂಡು ಮಗಳ ಆಟ ನೋಡಿ."

ಕೂತರು. ಎರಡನೇ ಅರ್ಧದಲ್ಲಿ ಅವರು ಬೇರೆಯೇ ಮನುಷ್ಯರಾದರು. "ಅಲ್ಲಲ್ಲ, ಹಿಂದಕ್ಕೆ ಬಾ, ಜಾಗ ಬಿಡು... ಹಾಂ... ಈಗ ತಿರುಗು," ಎಂದು ಗೊಣಗುತ್ತಿದ್ದರು. ಅವರು ತಿರುಗು ಎಂದಲ್ಲೇ ಅವಳು ತಿರುಗುತ್ತಿದ್ದಳು. ಮೊದಲ ಗೋಲನ್ನು ತಲೆಯಿಂದ ಹೊಡೆದಳು. ಎರಡನೆಯದಕ್ಕೆ ಬಲಗಾಲು ಎತ್ತಿದಳು, ಎದುರಿನವಳು ಆ ಕಡೆ ಬಿದ್ದಳು, ಚೆಂಡು ಎಡಗಾಲಿನಿಂದ ಹೋಗಿ ಬಲೆಯ ಮೂಲೆ ಸೇರಿತು. ಡೋಲು, ಕೇಕೆ, ಪಟಾಕಿ. ರೊಮಿನಾ ಗೆಳತಿಯರ ಕೈಗೆ ಸಿಗದೆ ಮೈದಾನ ಅಡ್ಡ ಹಾಯ್ದು ನೇರ ನನ್ನ ಅಡುಗೆಮನೆಗೆ ಓಡಿಬಂದು ಚಿಕ್ಕ ಕಿಂಡಿಯ ಹಲಗೆಗೆ ಎರಡೂ ಅಂಗೈ ಬಡಿದಳು. ಒಳಗಿನಿಂದ ಭಾವ ಅದೇ ಜಾಗಕ್ಕೆ ತಮ್ಮ ಅಂಗೈ ಒತ್ತಿದರು.

"ಚಿಕ್ಕಮ್ಮನ್ನ ಕಂಡ್ರೆ ಎಷ್ಟು ಪ್ರೀತಿ ನೋಡ್ರಪ್ಪ!" ಎಂದು ಸಾಲಿನಲ್ಲಿ ನಿಂತವರು ನಕ್ಕರು.

ಕೊನೆಯ ಸೀಟಿ ಊದಿದಾಗ ನಾವೇ ಗೆದ್ದಿದ್ದೆವು. ಭಾವ ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ, ಅಕ್ಕನ ಮಣ್ಣಿನ ದಿನವೂ ಅತ್ತಿರಲಿಲ್ಲ.

"ನಾನಿದ್ದೆ ಮಿಂದಾ! ಇಲ್ಲೇ ಇದ್ದೆ! ನಾನಿದ್ರೂ ಗೆದ್ರು!"

"ಅದನ್ನೇ ಅಲ್ವಾ ಇಷ್ಟು ವರ್ಷದಿಂದ ಬಡ್ಕೊಳ್ತಿರೋದು ನಾನು!"

"ಹಾಗಾದ್ರೆ ನಾನಲ್ಲ. ನಾನಲ್ಲ ಕಣೇ. ಯಾವತ್ತೂ ನಾನಾಗಿರ್ಲಿಲ್ಲ."

ನಾನೂ ಅತ್ತೆ, ಈ ಸಲ ಈರುಳ್ಳಿಯ ನೆಪವನ್ನೂ ಹೇಳಲಿಲ್ಲ. ಬಾಗಿಲ ಬೀಗ ತೆಗೆದೆ, ಇನ್ನು ಬಚ್ಚಿಟ್ಟುಕೊಳ್ಳುವುದೇಕೆ ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಕಿಂಡಿಗೆ ಜನ ಮುತ್ತಿಕೊಂಡರು, ಬಿಯರ್ ಕೊಡಿ, ಬ್ರೆಡ್ಡು ಕೊಡಿ ಎಂದು. ಅವರ ಗಲಾಟೆಯ ನಡುವೆ ಎಲ್ಬಿಯೊ ಬೆಂಚು ಹತ್ತಿ ಕೂಗುತ್ತಿದ್ದ: "ಲಾರಿ ತೆಗೀರೋ! ಕೆರೆಗೆ ನಡೀರಿ! ಕೊಟ್ಟ ಮಾತು ಉಳಿಸ್ಕೋಬೇಕು!" ಭಾವನಿಗೆ ಅದು ಕೇಳಿಸಿರಬೇಕು. ನಾನು ತಿರುಗಿ ನೋಡುವಷ್ಟರಲ್ಲಿ ಪೆಟ್ಟಿಗೆಗಳ ಹಿಂದೆ ಯಾರೂ ಇರಲಿಲ್ಲ. ಹಿಂಬಾಗಿಲಲ್ಲಿ ನಿಲ್ಲಿಸಿದ್ದ ನನ್ನ ಸೈಕಲ್ಲೂ ಇರಲಿಲ್ಲ.

ನಾಚಿಕೊಂಡು ಮನೆಗೆ ಹೋಗಿರಬೇಕು ಎಂದುಕೊಂಡೆ. ನನ್ನ ಮೂರ್ಖತನ.

ಒಂದು ಗಂಟೆ ಕಳೆದಿರಬಹುದು, ಬಿಸಿಲು ಇನ್ನೂ ಇತ್ತು. ಹಾರ್ನ್ ಹೊಡೆಯುತ್ತಾ ಎಲ್ಬಿಯೊನ ಮೇವಿನ ಲಾರಿ ಮೈದಾನಕ್ಕೇ ನುಗ್ಗಿತು. ಲಾರಿಯ ಮೇಲೆ ಭಾವ. ಒಂದು ಕೈಯಲ್ಲಿ ಗಾಳದ ಕೋಲು, ಮೊಣಕಾಲಿನವರೆಗೆ ಕೆರೆಯ ಕೆಸರು. ಮನೆಯಿಂದ ಗಾಳ ಎತ್ತಿಕೊಂಡು, ಹಿಂದಿನ ಹಾದಿಯಲ್ಲಿ ಸೈಕಲ್ ತುಳಿದು ಅವರಿಗಿಂತ ಮೊದಲೇ ಹೋಗಿ ಕೂತಿದ್ದರು! ಗಂಡಸರು ಅವರನ್ನು ಇಳಿಸಿ ಹೆಗಲ ಮೇಲೆ ಎತ್ತಿಕೊಂಡರು. ಎಲ್ಬಿಯೊ ಟೋಪಿ ತೆಗೆದು ಗಂಟಲು ಹರಿಯುವಂತೆ ಕೂಗಿದ:

"ಆಚೆ ದಂಡೇಲೇ ಕೂತಿದ್ದ ಕಣ್ರೋ! ಹೇಳಿದ ಮಾತಿನಂತೆ! ಇವನು ಹೋಗಿದ್ದಕ್ಕೇ ಗೆದ್ದಿದ್ದು ನಾವು! ನಾಸರೇನೊ ಗಾರಿಬೊತ್ತೊಗೆ ಜೈ!"

ಅವನು ಆ ಹೆಸರು ಹೇಳಿದ್ದ. ಒಬ್ಬರ ಕೈಯೂ ಕೆಳಗೆ ಹೋಗಲಿಲ್ಲ. ಡೋಲಿನವರು ಆ ಹೆಸರಿಗೆ ದನಿಗೂಡಿಸಿದರು, ಬೆಂಚಿನವರು ದನಿಗೂಡಿಸಿದರು, ಕೊನೆಗೆ ಇಡೀ ಮೈದಾನವೇ ಕೂಗತೊಡಗಿತು. ಗಾ-ರಿ-ಬೊತ್ತೊ. ಗಾ-ರಿ-ಬೊತ್ತೊ. ಪಾದ್ರಿಗಳೂ ಕೂಗುತ್ತಿದ್ದರು. ಹೆಗಲುಗಳ ಮೇಲೆ ಭಾವ ಕಣ್ಣು ಮುಚ್ಚಿ, ಬಾಯಿ ಅರೆತೆರೆದು ಕೂತಿದ್ದರು.

ನನ್ನ ತಲೆ ಕೆಟ್ಟುಹೋಯಿತು. ಏಪ್ರನ್ ಕಟ್ಟಿಕೊಂಡೇ ಹೊರಗೆ ಓಡಿ ಬೆಂಚು ಹತ್ತಿದೆ. "ಮುಚ್ರೋ ಬಾಯಿ! ಅವರು ಕೆರೇಲಿ ಇರ್ಲಿಲ್ಲ! ನನ್ನ ಅಡುಗೆಮನೇಲಿ ಇದ್ರು! ಮೊದಲಿಂದ ಕೊನೇವರೆಗೂ ಕೂತು ಪಂದ್ಯ ನೋಡಿದಾರೆ! ಅವರಿದ್ದಾಗ್ಲೇ ಗೆದ್ದಿದೀರಿ ಕತ್ತೆಗಳಾ!"

ಡೋಲು ನಿಂತಿತು. ನೂರಾರು ಮುಖ ನನ್ನ ಕಡೆ, ಆಮೇಲೆ ಭಾವನ ಕಡೆ ತಿರುಗಿದವು. ಅವರನ್ನು ಹೊತ್ತಿದ್ದ ಒಬ್ಬನ ಎಡಗೈ ಆಗಲೇ ಕೆಳಗೆ ಸರಿಯುತ್ತಿತ್ತು.

"ಹೌದೇನೋ?" ಎಂದು ಕೇಳಿದ ಎಲ್ಬಿಯೊ, ಸಣ್ಣ ಸ್ವರದಲ್ಲಿ.

ಭಾವ ನನ್ನನ್ನು ನೋಡಿದರು. ಆಮೇಲೆ ರೊಮಿನಾಳನ್ನು ನೋಡಿದರು. ಅವಳು ಜನರ ನಡುವೆ, ಜಾನುತ್ತಿ ಎಂದು ಬರೆದ ಅಂಗಿಯಲ್ಲಿ, ಕತ್ತು ಮೇಲೆತ್ತಿ ಅಪ್ಪನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೌದು, ನೋಡಿದೆ, ಮಗಳ ಗೋಲು ನೋಡಿದೆ ಎಂದು. ಆ ಮಾತಿಗಾಗಿಯೇ ನಾನು ಈ ಮನುಷ್ಯನನ್ನು ಬ್ರೆಡ್ಡಿನ ಮೂಟೆಯ ಕೆಳಗೆ ಹಾಕಿ ತಂದಿದ್ದೆ.

"ಏನ್ ಮಿಂದಾ, ತಮಾಷೆಗೂ ಒಂದು ಮಿತಿ ಬೇಡ್ವಾ?" ಎಂದು ನಕ್ಕರು ಭಾವ. "ನಾನು ಕೆರೆ ಹತ್ರಾನೇ ಇದ್ದೆ ಕಣ್ರಪ್ಪ. ಬೆಳಿಗ್ಗೆಯಿಂದ."

ಮೈದಾನವೆಲ್ಲ ಹೋ ಎಂದು ನಕ್ಕಿತು. ಡೋಲು ಮೊದಲಿಗಿಂತ ಜೋರಾಗಿ ಶುರುವಾಯಿತು, ಹೆಸರೂ ಶುರುವಾಯಿತು. ನಾನು ಬೆಂಚಿನ ಮೇಲೆ ನಿಂತವಳು ನಿಂತೇ ಇದ್ದೆ. ರೊಮಿನಾ ನನ್ನ ಹತ್ತಿರ ಬಂದು ಏಪ್ರನ್ನಿನ ಅಂಚು ಹಿಡಿದುಕೊಂಡಳು.

"ಚಿಕ್ಕಮ್ಮ, ಒಳಗಿಂದ ಕೈ ಇಟ್ಟಿದ್ದು ಅಪ್ಪಾನೇ ತಾನೇ?"

"ಅವರೇ ಕಣಮ್ಮ."

"ಮತ್ತೆ ಯಾಕೆ ಹಾಗಂದ್ರು?"

ಆ ಕೂಗನ್ನು ಕೇಳಿಸಿಕೊ ಎಂದು ಹೇಳಬೇಕಿತ್ತೇನೋ. ಅದರ ಬದಲು ಅವಳ ಬೆನ್ನ ಮೇಲಿನ ಜಾನುತ್ತಿ ಎಂಬ ಹೆಸರಿನ ಮೇಲೆ ಕೈ ಇಟ್ಟೆ.

ಎಲ್ಬಿಯೊ ಲಾರಿಯ ಮೇಲೆ ನಿಂತು ಎರಡೂ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದ. "ಮುಂದಿನ ವರ್ಷ ಮೇಲಿನ ಲೀಗು! ಪಂದ್ಯ ಜಾಸ್ತಿ! ನಾಸರೇನೊ, ನಿನಗೆ ಕೆರೆ ದಂಡೇಲಿ ತಗಡಿನ ಸೂರು ಹಾಕಿಸ್ತೀವಿ, ಮಳೆ ಬಂದ್ರೂ ನೆನೀಬಾರ್ದು. ನಿನ್ನ ಹೆಸರನ್ನ ದೊಡ್ಡದಾಗಿ ಬರೆಸ್ತೀವಿ. ಪ್ರತಿ ಭಾನುವಾರ ಹೋಗ್ತೀಯಾ ತಾನೇ?"

"ಪ್ರತಿ ಭಾನುವಾರ," ಎಂದರು ಭಾವ ಹೆಗಲುಗಳ ಮೇಲಿಂದ, ಹಿಂದೆ ನಿಂತವರಿಗೂ ಕೇಳಿಸುವಷ್ಟು ಜೋರಾಗಿ.